ಹದಿನಾಲ್ಕನೇ ಕ್ಯಾಬಿನ್ನಿನ ಕುಸಿದ ಮೂಲೆ

ಕುಸಿದದ್ದು ಯಾವ ಮೂಲೆ ಎಂದು ಯಾರಾದರೂ ಕೇಳಿದರೆ ನೈಋತ್ಯ ಎಂದುಬಿಡುತ್ತೇನೆ. ಅದು ನೆನಪೋ, ಹೇಳಿ ಹೇಳಿ ಬಂದ ಅಭ್ಯಾಸವೋ ನನಗೆ ಗೊತ್ತಿಲ್ಲ. ದುಬೈಯ ಅಲ್ ಕುಸೈಸ್‌ನ ಗೆಳೆಯರ ಫ್ಲ್ಯಾಟುಗಳಲ್ಲಿ ಊಟವಾದ ಮೇಲೆ ಈ ಪ್ರಸಂಗವನ್ನು ಎಷ್ಟೋ ಸಲ ಹೇಳಿದ್ದೇನೆ. ಒಂದೊಂದು ಸಲ ಹೇಳಿದಾಗಲೂ ನಾನು ಸ್ವಲ್ಪ ಹೆಚ್ಚು ಧೈರ್ಯಸ್ಥನಾಗಿದ್ದೇನೆ, ಮ್ಯಾನೇಜರು ಸ್ವಲ್ಪ ಹೆಚ್ಚು ಕೆಟ್ಟವನಾಗಿದ್ದಾನೆ. ಭೌತಶಾಸ್ತ್ರ ಓದಿದವನು ನಾನು. ಒಂದೇ ವಸ್ತುವನ್ನು ಹತ್ತು ಸಲ ಅಳೆದಾಗ ಹತ್ತೂ ಅಳತೆಗಳು ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ಅನುಮಾನಿಸಬೇಕಾದ್ದು ಅಳೆಯುವವನನ್ನು ಎಂದು ನನಗೆ ಕಲಿಸಿದ್ದರು. ಆದ್ದರಿಂದ ಈ ಸಲ ಬರೆದೇ ಇಡುತ್ತೇನೆ, ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದು ಹೇಳಿಯೇ.

ಇದು ಎರಡು ಸಾವಿರದ ಹತ್ತರ ದಶಕದ ನಡುವಿನ ಮಾತು. ಅಬುಧಾಬಿಯಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಮದೀನತ್ ಜಾಯೆದ್ ಊರಿನ ಹೊರಗೆ ಒಂದು ಗುತ್ತಿಗೆ ಕಂಪನಿಯ ಕ್ಯಾಂಪು. ಸಾಲಾಗಿ ಇಪ್ಪತ್ತೆರಡು ಪೋರ್ಟಾ ಕ್ಯಾಬಿನ್ನುಗಳು. ಕಾರ್ಖಾನೆಯಲ್ಲಿ ತಯಾರಾಗಿ, ಟ್ರೇಲರಿನ ಮೇಲೆ ಬಂದು, ಕ್ರೇನಿನಿಂದ ಇಳಿದು ಕೂತ ಮನೆಗಳು ಅವು. ಉಕ್ಕಿನ ಚೌಕಟ್ಟು, ಫೋಮು ತುಂಬಿದ ಗೋಡೆ, ತಗಡಿನ ಮಾಡು. ಅಡಿಪಾಯ ಅಗೆದು ಕಟ್ಟುವ ಮಾತಿಲ್ಲ; ನೆಲದ ಮೇಲೆ ಕಾಂಕ್ರೀಟ್ ಬ್ಲಾಕುಗಳನ್ನು ಇಟ್ಟು ಅದರ ಮೇಲೆ ಮನೆಯನ್ನು ಕೂರಿಸುತ್ತಾರೆ. ಬ್ಲಾಕಿಗೂ ಚೌಕಟ್ಟಿಗೂ ನಡುವೆ ಅಂಗೈಯಗಲದ ಉಕ್ಕಿನ ತಟ್ಟೆಗಳು. ಒಂದು ಮೂಲೆ ತಗ್ಗಿತೋ, ಜಾಕು ಕೊಟ್ಟು ಎತ್ತಿ ಅಲ್ಲಿಗೆ ಇನ್ನೊಂದು ತಟ್ಟೆ ತೂರಿಸಬೇಕು. ಹನ್ನೆರಡು ಜನ ಮಲಗುವ ಮನೆ ಮಟ್ಟವಾಗಿ ನಿಲ್ಲುವುದು ಅಷ್ಟರ ಮೇಲೆ.

ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹುದ್ದೆಯ ಹೆಸರು ಕ್ಯಾಂಪ್ ಇನ್‌ಚಾರ್ಜ್. ರಜೆಗೆ ಊರಿಗೆ ಹೋದಾಗ ನನ್ನ ಮಾವನವರು ನಾಲ್ಕು ಜನರೆದುರು, "ಎಂ.ಎಸ್ಸಿ. ಮಾಡಿದ್ದು ಡಬ್ಬ ನೆಟ್ಟಗೆ ಮಾಡ್ಲಿಕ್ಕಾ ಮಾರಾಯ?" ಎಂದು ಕೇಳಿದ್ದರು. ಹೌದು, ಅದಕ್ಕೇ. ಎರಡು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ ನಾನು ಯಾರ ಬದುಕನ್ನೂ ಒಂದು ಮಿಲಿಮೀಟರು ಎತ್ತಲಿಲ್ಲ. ಇಲ್ಲಿ ಎತ್ತುತ್ತಿದ್ದೆ, ಜಾಕಿನಿಂದ. ಚೌಕಟ್ಟು ಓರೆಯಾದರೆ ಬಾಗಿಲು ಬಿಗಿಯುತ್ತದೆ. ವೈರಿಂಗಿನಲ್ಲಿ ಬೆಂಕಿ ಹತ್ತಿದ ದಿನ ಆ ಬಾಗಿಲು ತೆರೆಯದಿದ್ದರೆ ಒಳಗಿನ ಹನ್ನೆರಡು ಜನ ಏನಾಗುತ್ತಾರೆಂದು ಮಾವನವರಿಗೆ ವಿವರಿಸಲು ಹೋಗಲಿಲ್ಲ. ಅದು ಡಬ್ಬವಲ್ಲ, ಮನೆ. ಈಗಲೂ ಹಾಗೇ ಹೇಳುತ್ತೇನೆ.

ಕ್ಯಾಂಪಿನ ಜಾಗ ಉಪ್ಪು ನೆಲ. ಅಲ್ಲಿಯವರು ಅದನ್ನು ಸಬ್ಖಾ ಎನ್ನುತ್ತಾರೆ. ಒಣಗಿದ್ದಾಗ ಸಿಮೆಂಟಿನಷ್ಟು ಗಟ್ಟಿ, ಲಾರಿ ಹೋದರೂ ಗುರುತು ಬೀಳುವುದಿಲ್ಲ. ನೀರು ಸೋಕಿದರೆ ಮಾತ್ರ ಕಣಗಳನ್ನು ಹಿಡಿದಿಟ್ಟ ಉಪ್ಪು ಕರಗಿ, ಮೇಲಿದ್ದುದೆಲ್ಲ ಮೆಲ್ಲಗೆ ಕೆಳಗಿಳಿಯುತ್ತದೆ. ಆದ್ದರಿಂದ ಪ್ರತಿ ತಿಂಗಳ ಮೊದಲ ಶನಿವಾರ ಸ್ಪಿರಿಟ್ ಲೆವೆಲ್ ಹಿಡಿದು ಇಪ್ಪತ್ತೆರಡು ಕ್ಯಾಬಿನ್ನುಗಳನ್ನೂ ಸುತ್ತುತ್ತಿದ್ದೆ. ಕೋಣೆ ಕೋಣೆಯ ನೆಲದ ಮೇಲೆ ಅದನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು, ಗುಳ್ಳೆ ನಡುವಿನಲ್ಲಿದೆಯೇ ಎಂದು ನೋಡಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಬಾಗಿಲನ್ನು ಅರ್ಧ ತೆರೆದು ಬಿಡುತ್ತಿದ್ದೆ. ತಾನಾಗಿ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ಮನೆ ವಾಲಿದೆ ಎಂದರ್ಥ.

ಎತ್ತುವ ಕೈ ಮಾತ್ರ ನನ್ನದಲ್ಲ, ಮೇಸ್ತ್ರಿಯದು. ಉಡುಪಿಯ ಕಡೆಯ ತುಳು ಮಾತಿನ ಬಡಗಿ, ಐವತ್ತು ದಾಟಿದವರು. ನಾನು ಪಾಠ ಮಾಡಿದ್ದವನೆಂದು ತಿಳಿದ ದಿನದಿಂದ ನನ್ನನ್ನು ಮಾಷ್ಟ್ರೆ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವವೆಷ್ಟು, ಕೀಟಲೆಯೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಸ್ಪಿರಿಟ್ ಲೆವೆಲ್ ಅವರಿಗೆ ಆಟಿಕೆ. ಅವರದು ಹನ್ನೆರಡು ಮೀಟರಿನ ಪಾರದರ್ಶಕ ಪೈಪು, ಒಳಗೆ ನೀರು. ನೀರು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಹಾಲು ಹಾಕದ ಬೆಳಗಿನ ಸುಲೈಮಾನಿ ಚಹಾ ಉಳಿದದ್ದನ್ನು ಪೈಪಿಗೆ ಸುರಿಯುತ್ತಿದ್ದರು. ಪೈಪಿನ ಒಂದು ತುದಿ ಈ ಮೂಲೆಯಲ್ಲಿ, ಇನ್ನೊಂದು ತುದಿ ಆ ಮೂಲೆಯಲ್ಲಿ. ಎರಡರಲ್ಲೂ ಚಹಾ ನಿಂತ ಗೆರೆ ಒಂದೇ ಮಟ್ಟ.

"ಸಕ್ಕರೆ ಹಾಕಿದ ಚಹಾ ಆಗುದಿಲ್ಲ ಮಾಷ್ಟ್ರೆ, ಇರುವೆ ಬಂದು ಲೆವೆಲ್ ಕುಡಿತದೆ" ಎನ್ನುತ್ತಿದ್ದರು.

ಬಿಸಿಲಿನಲ್ಲಿ ಪೈಪಿನ ಒಂದು ತುದಿ ಕಾದು ಇನ್ನೊಂದು ನೆರಳಲ್ಲಿದ್ದರೆ ಗೆರೆ ಎರಡು ಮೂರು ಮಿಲಿಮೀಟರು ಸುಳ್ಳು ಹೇಳಬಹುದೆಂದು ನಾನು ಒಮ್ಮೆ ಸಾಂದ್ರತೆಯ ಪಾಠ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದಕ್ಕೇ ಅಲ್ವಾ ನಾವು ಸೂರ್ಯ ಹುಟ್ಟುವ ಮೊದ್ಲು ಹಿಡಿಯುದು" ಎಂದು ಪೈಪಿಗೆ ಬೆರಳಿನಿಂದ ಟಕ್ ಟಕ್ ಹೊಡೆದು ಗುಳ್ಳೆ ಓಡಿಸಿದರು.

ಈಗ ಆ ಮೂಲೆಯ ಬಸಳೆ ಬಳ್ಳಿಯ ವಿಷಯ. ಅದು ನನ್ನದೇ. ಅಲ್ ಕುಸೈಸ್‌ನ ಗೆಳೆಯನ ಬಾಲ್ಕನಿಯ ಕುಂಡದಿಂದ ಎರಡು ಬಸಳೆ ದಂಟು ಕಡಿದು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನ ಮೇಲೆ ಬಸ್ಸು ಬದಲಿಸಿ ಕ್ಯಾಂಪಿಗೆ ತಂದೆ. ಹದಿನಾಲ್ಕನೇ ಕ್ಯಾಬಿನ್ನಿನಲ್ಲಿದ್ದವರೆಲ್ಲ ನಮ್ಮ ಕರಾವಳಿಯವರು. ಅದರ ಕೊನೆಯ ಕೋಣೆಯಲ್ಲಿ ನಾನೂ ಇದ್ದೆ. ಕ್ಯಾಬಿನ್ನಿನ ಮೂಲೆಯಲ್ಲಿ ಗುಂಡಿ ತೋಡಿ, ಪೇಟೆಯಿಂದ ತಂದ ಒಂದು ಚೀಲ ಸಿಹಿ ಮಣ್ಣು ತುಂಬಿ ದಂಟು ನೆಟ್ಟೆ. ಮಧ್ಯಾಹ್ನದ ಬಿಸಿಲು ಬೀಳದ ಜಾಗ ಹುಡುಕಿ ನೆಟ್ಟದ್ದು ಚೆನ್ನಾಗಿ ನೆನಪಿದೆ. ಹಾಗಿದ್ದರೆ ಅದು ನೈಋತ್ಯವಾಗಿರಲು ಸಾಧ್ಯವೇ ಇಲ್ಲ, ಈಶಾನ್ಯವೇ ಆಗಬೇಕು. ನೋಡಿ, ಬರೆಯಲು ಕೂತರೆ ನನ್ನ ಕಥೆ ಹೇಗೆ ಬಿರುಕು ಬಿಡುತ್ತದೆಂದು.

ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುವ ಜಾಗದಲ್ಲಿ ಬಸಳೆಗೆ ನೀರೆಲ್ಲಿಯದು? ನಾಲ್ಕು ಕೋಣೆಯ ನಾಲ್ಕು ಎ.ಸಿ.ಗಳಿಂದ ಹನಿಯುವ ನೀರನ್ನು ಒಂದೇ ಪೈಪಿಗೆ ಸೇರಿಸಿ ಆ ಗುಂಡಿಗೆ ತಿರುಗಿಸಿದೆ. ಮೊದಲು ಅದು ಕ್ಯಾಬಿನ್ನಿನಿಂದ ದೂರದ ಚರಂಡಿಗೆ ಹೋಗುತ್ತಿತ್ತು. ಉಪ್ಪು ನೀರಿನಲ್ಲಿ ಕರಗುತ್ತದೆಂದು ತಿಳಿಯಲು ಎಂ.ಎಸ್ಸಿ. ಬೇಕಾಗಿಲ್ಲ. ಆದರೂ ತಿರುಗಿಸಿದೆ. ಬಳ್ಳಿ ಎರಡು ತಿಂಗಳಲ್ಲಿ ಕಿಟಕಿಯ ಸರಳು ಹಿಡಿದು ಮಾಡಿಗೆ ಹತ್ತಿತು. ಶುಕ್ರವಾರ ಮಧ್ಯಾಹ್ನ ಸಿಗಡಿ ಹಾಕಿದ ಬಸಳೆ ಗಸಿ. ಮೇಸ್ತ್ರಿ ದಂಟನ್ನು ಚೀಪಿ ಚೀಪಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಿದ್ದರು, ತಟ್ಟೆ ಜೋಡಿಸಿದ ಹಾಗೆ.

ಏಳು ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕನೇ ಕ್ಯಾಬಿನ್ನಿನ ಗುಳ್ಳೆ ಮಧ್ಯದಲ್ಲೇ ಇತ್ತು. ಅತ್ತಿತ್ತ ಕೂದಲೆಳೆಯಷ್ಟೂ ಇಲ್ಲ. ಬೇರೆ ಕ್ಯಾಬಿನ್ನುಗಳು ಒಂದಿಷ್ಟು ಸರಿದಾಡುತ್ತಿದ್ದವು, ಇದು ಅಲುಗುತ್ತಿರಲಿಲ್ಲ. ಅನುಮಾನವನ್ನೇ ಕಸುಬು ಮಾಡಿಕೊಂಡ ನಾನು ಇದೊಂದನ್ನು ಅನುಮಾನಿಸಲಿಲ್ಲ.

ನಂತರ ಮೇಸ್ತ್ರಿ ಎರಡು ತಿಂಗಳ ರಜೆಗೆ ಊರಿಗೆ ಹೋದರು. ಆಗಸ್ಟು, ಸೆಪ್ಟೆಂಬರು, ಗಾಳಿಯಲ್ಲೇ ನೀರಿರುವ ದಿನಗಳು, ಎ.ಸಿ.ಗಳು ದಿನವಿಡೀ ಸುರಿಯುತ್ತಿದ್ದವು. ಮೊದಲನೇ ತಿಂಗಳು ಗುಳ್ಳೆ ಗೆರೆಗೆ ತಾಗಿತು. ನೆಲದ ಪ್ಲೈವುಡ್ ಉಬ್ಬಿರಬೇಕು ಎಂದು ಬರೆದುಕೊಂಡೆ. ಎರಡನೇ ತಿಂಗಳು ಗೆರೆ ದಾಟಿತು. ಕೊನೆಯ ಕೋಣೆಯ ಬಾಗಿಲನ್ನು ಭುಜ ಕೊಟ್ಟು ತಳ್ಳಬೇಕಾಯಿತು. ಯಾರದೋ ನಿಂಬೆಹಣ್ಣು ಮಂಚದ ಕೆಳಗಿನಿಂದ ಹೊರಟು ಮೂಲೆಗೆ ಹೋಗಿ ನಿಂತಿತು.

ಮೇಸ್ತ್ರಿ ವಾಪಸು ಬರುವ ಎರಡು ದಿನ ಮೊದಲು ಮ್ಯಾನೇಜರು ಬಂದರು. ಅವರೂ ಮಂಗಳೂರಿನ ಕಡೆಯವರೇ, ಚುರುಕು ಮನುಷ್ಯ, ಅಬುಧಾಬಿಯ ಆಫೀಸಿನಲ್ಲಿ ಕೂರುವವರು. ಮುಂದಿನ ವಾರ ಕ್ಲೈಂಟಿನ ಸುರಕ್ಷತಾ ತಪಾಸಣೆಯಿತ್ತು. ಬಾಗಿಲು ತಳ್ಳಿ ನೋಡಿದರು, ಹೊರಗೆ ಬಂದು ಬಗ್ಗಿ ಮೊಬೈಲಿನ ಟಾರ್ಚು ಹಾಕಿ ಕ್ಯಾಬಿನ್ನಿನ ಅಡಿಗೆ ನೋಡಿದರು. ಉಳಿದ ಮೂಲೆಗಳಲ್ಲಿ ಎರಡೆರಡು ತಟ್ಟೆ. ಆ ಮೂಲೆಯಲ್ಲಿ ಒಂದರ ಮೇಲೊಂದು ಏಳು.

"ಏಳು! ಇದೆಂತ ದೋಸೆ ಪೇರಿಸಿದ್ದಾ? ಹೀಗೆ ಪ್ಯಾಕಿಂಗ್ ಕೊಟ್ರೆ ಕುಸಿಯದೆ ಇರ್ತದಾ ಮಾರಾಯ್ರೆ?"

ಏಳು ತಟ್ಟೆ ಅಲ್ಲಿಗೆ ಹೇಗೆ ಬಂದವೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇದು ಖಚಿತ ಎಂದೇ ಅಂದುಕೊಂಡಿದ್ದೇನೆ.

"ಮೇಸ್ತ್ರಿಯ ವೀಸಾ ರಿನ್ಯೂವಲ್‌ಗೆ ಬಂದಿದೆ" ಎಂದರು ಮ್ಯಾನೇಜರು. "ಕೆಲ್ಸ ಬರುದಿಲ್ಲ ಅಂತ ಒಂದು ರಿಪೋರ್ಟ್ ಇದ್ರೆ ಕ್ಯಾನ್ಸಲ್ ಮಾಡಿ ಕಳಿಸ್ಬಹುದು. ಕ್ಲೈಂಟಿಗೂ ಹೆಸರು ತೋರಿಸಿದ ಹಾಗಾಯ್ತು. ಫಾರ್ಮು ಟೈಪ್ ಮಾಡಿ ಕಳಿಸ್ತೇನೆ, ನೀವು ಸೈನ್ ಹಾಕಿ. ಖಲಾಸ್."

ಫಾರ್ಮು ಬಂತು. ಕಾರಣ ಎಂಬ ಕಡೆ ಖಾಲಿ ಜಾಗ. ಹೊಣೆಗಾರ ಎಂಬ ಕಡೆ ಮೇಸ್ತ್ರಿಯ ಹೆಸರು, ಮೊದಲೇ ಟೈಪಾಗಿತ್ತು. ಕಾರಣಕ್ಕಿಂತ ಮೊದಲು ಹೊಣೆಗಾರ ಸಿಕ್ಕಿದ್ದ.

ಮೇಸ್ತ್ರಿ ಊರಿನಿಂದ ಬಂದವರೇ ಚೀಲ ಇಳಿಸದೆ ಮೂಲೆ ನೋಡಲು ಹೋದರು. ನಾನು ಫಾರ್ಮು ತೋರಿಸಿದೆ. ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರವಾಗಿ ಓದಿಕೊಂಡರು.

"ಕಳಿಸ್ಲಿ ಮಾಷ್ಟ್ರೆ, ಹೋಗ್ಲಿಕ್ಕೆ ನನಗೆ ತೊಂದರೆ ಇಲ್ಲ. ಮೂವತ್ತು ವರ್ಷ ಆಯ್ತು ಗಲ್ಫಿಗೆ ಬಂದು. ಆದ್ರೆ ಲೆವೆಲ್ ಗೊತ್ತಿಲ್ಲದವ ಅಂತ ಬರೆದು ಕಳಿಸ್ಬಾರ್ದು. ಅದೊಂದು ಆಗ್ಬಾರ್ದು."

"ಹಾಗಾದ್ರೆ ಏಳು ತಟ್ಟೆ ಯಾಕೆ ಹಾಕಿದ್ರಿ?"

"ನಾಳೆ ಬೆಳಿಗ್ಗೆ ಹೇಳ್ತೇನೆ. ಚಹಾ ಸ್ವಲ್ಪ ಕಡುವಾಗಿ ಮಾಡ್ಲಿಕ್ಕೆ ಹೇಳಿ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಪೈಪು ಹಿಡಿದೆವು. ಮೂರು ಮೂಲೆಗಳು ಹೆಚ್ಚು ಕಡಿಮೆ ಒಂದೇ. ಬಸಳೆಯ ಮೂಲೆಗೆ ಬಂದಾಗ ಚಹಾದ ಗೆರೆ ಚೌಕಟ್ಟಿನ ಮೇಲೆ ಹಾಕಿದ್ದ ಗುರುತಿನಿಂದ ಎರಡು ಬೆರಳು ಮೇಲೆ ನಿಂತಿತು. ನೀರು ಏರಿರಲಿಲ್ಲ, ಮನೆ ಇಳಿದಿತ್ತು. ಮೇಸ್ತ್ರಿ ಬ್ಲಾಕಿನ ಪಕ್ಕದಲ್ಲಿ ಸಲಿಕೆ ಹಾಕಿದರು. ಒಂದು ಗೇಣು ಕೆಳಗೆ ಮಣ್ಣು ನೆನೆದ ಅವಲಕ್ಕಿಯ ಹಾಗಿತ್ತು, ಹಿಂಡಿದರೆ ನೀರು ಬರುವಷ್ಟು. ಬಸಳೆಯ ಬೇರು ಅಲ್ಲಿಯವರೆಗೂ ಬಂದಿತ್ತು. ನನ್ನ ಪೈಪು ಅದರ ಮೇಲೆ ಟಪ್ ಟಪ್ ಎಂದು ಹನಿಸುತ್ತಲೇ ಇತ್ತು.

"ನಿಮಗೆ ಮೊದ್ಲೇ ಗೊತ್ತಿತ್ತು" ಎಂದೆ.

"ಗೊತ್ತಿಲ್ಲದೆ? ಎರಡನೇ ತಿಂಗಳೇ ಗೊತ್ತು. ನೀವು ಶನಿವಾರ ನಿಮ್ಮ ಆಟಿಕೆ ಹಿಡ್ಕೊಂಡು ಬರ್ತೀರಿ. ನಾನು ಶುಕ್ರವಾರ ಎಲ್ರೂ ಪೇಟೆಗೆ ಹೋದ ಮೇಲೆ ಜಾಕ್ ಹಾಕಿ ಒಂದು ತಟ್ಟೆ ತೂರಿಸ್ತೇನೆ."

"ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀವು ಪೈಪ್ ತೆಗಿತೀರಿ. ಪೈಪ್ ತೆಗೆದ್ರೆ ಬಸಳೆ ಹೋಯ್ತು. ನೀವು ಬೆಳಿಗ್ಗೆ ಹಲ್ಲುಜ್ಜಿಕೊಂಡು ಅದ್ರ ಹತ್ರ ನಿಂತು ಎಂತ ಮಾತಾಡ್ತೀರಿ ಅಂತ ನಾನು ನೋಡ್ಲಿಲ್ವಾ? ಮತ್ತೆ ಗಸಿ ತಿಂದದ್ದು ನಾನೂ ಅಲ್ವಾ. ತಿಂದವ ಒಂದು ತಟ್ಟೆ ಹಾಕುದು ದೊಡ್ಡದಾ?"

ನನ್ನ ನೋಟ್‌ಬುಕ್ಕಿನ ಏಳು ತಿಂಗಳ ನಡುಗುಳ್ಳೆ ಹಾಗೆ ಬಂದದ್ದು. ಆ ಅಳತೆಗಳು ಸುಳ್ಳಲ್ಲ. ಅಳೆಯುವ ಮುನ್ನಾದಿನ ಯಾರೋ ಮನೆಯನ್ನೇ ಸರಿಪಡಿಸಿ ಇಡುತ್ತಿದ್ದರು. ಮ್ಯಾನೇಜರು ಟಾರ್ಚು ಹಾಕಿ ನೋಡಿ ಕೆಟ್ಟ ಕೆಲಸ ಎಂದ ಆ ಏಳು ತಟ್ಟೆಗಳು, ನಾನು ಕಂಡ ಅತ್ಯಂತ ನಿಖರವಾದ ಲೆವೆಲಿಂಗ್ ಕೆಲಸ.

ಇಲ್ಲಿ ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗುಳ್ಳೆ ಗೆರೆಗೆ ತಾಗಿದ ತಿಂಗಳೇ ನನಗೆ ಪೈಪಿನ ನೆನಪು ಬಂದಿತ್ತೋ ಇಲ್ಲವೋ? ಪ್ಲೈವುಡ್ ಉಬ್ಬಿದೆ ಎಂದು ಬರೆದದ್ದು ನಂಬಿ ಬರೆದದ್ದೋ, ಬಸಳೆಯನ್ನು ಉಳಿಸಲು ಬರೆದದ್ದೋ? ಗೊತ್ತಿಲ್ಲ. ಎಷ್ಟು ಕೆದಕಿದರೂ ಆ ದಿನದ ಮನಸ್ಸು ಕೈಗೆ ಸಿಗುವುದಿಲ್ಲ. ಸಿಗದಿದ್ದುದನ್ನು ನನ್ನ ಪರವಾಗಿ ಬರೆದುಕೊಳ್ಳುವುದಿಲ್ಲ.

ಅದೇ ದಿನ ಮ್ಯಾನೇಜರು ಫಾರ್ಮು ತೆಗೆದುಕೊಂಡು ಹೋಗಲು ಬಂದರು. ಸೈಟ್ ಆಫೀಸಿನ ಕ್ಯಾಬಿನ್ನಿನಲ್ಲಿ ನಾವು ಮೂವರು. ಅಲ್ ಕುಸೈಸ್‌ನಲ್ಲಿ ನಾನು ಹೇಳುವ ಕಥೆಯಲ್ಲಿ ಇಲ್ಲೊಂದು ಭಾಷಣ ಬರುತ್ತದೆ. ಎದ್ದು ನಿಂತು, "ನೀರು ನನ್ನದು, ಗುಂಡಿ ನನ್ನದು, ಬಸಳೆ ನನ್ನದು. ಮನೆಯನ್ನು ಎತ್ತಿ ಹಿಡಿದದ್ದು ಮಾತ್ರ ಇವರು. ಎತ್ತಿ ಹಿಡಿದವರ ಹೆಸರು ಬರೆದು ಕುಸಿಯುವ ಹಾಗೆ ಮಾಡಿದವನಿಂದ ಸಹಿ ಹಾಕಿಸ್ತೀರಾ?" ಎಂದು ನಾನು ಮೇಜು ಬಡಿಯುತ್ತೇನೆ. ಕೇಳಿದವರು ತಲೆದೂಗುತ್ತಾರೆ. ಆ ಮಾತುಗಳು ನನಗೇ ಈಗ ವಿಪರೀತ ಚೊಕ್ಕಟವಾಗಿ ಕೇಳಿಸುತ್ತವೆ. ಸಿಟ್ಟು ಬಂದವರು ಅಷ್ಟು ಮಟ್ಟಸವಾಗಿ ಮಾತಾಡುವುದಿಲ್ಲ.

ಮ್ಯಾನೇಜರು ಹೇಳಿದ್ದು ನೆನಪಿದೆ: "ನಿಮಗೆ ತಲೆ ಸರಿ ಉಂಟಾ? ಇನ್‌ಚಾರ್ಜ್ ನೀವು. ನಿಮ್ಮ ಹೆಸರು ಹೋದ್ರೆ ನಿಮಗೆ ವಾರ್ನಿಂಗ್ ಬರ್ತದೆ. ಅವರದಾದ್ರೆ ಒಬ್ಬ ಬಡಗಿ, ಅಷ್ಟೆ."

"ಅಷ್ಟೆ" ಎಂಬುದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೆ ಆ ದಿನ ನಾನು ಏನು ಹೇಳಿದೆನೋ ಗೊತ್ತಿಲ್ಲ, ಈಗ ಹೇಳುತ್ತೇನೆ: ಒಬ್ಬ ಬಡಗಿ ಅಷ್ಟೆ ಆಗಿದ್ದರೆ ನಿಮ್ಮ ಹದಿನಾಲ್ಕನೇ ಕ್ಯಾಬಿನ್ನು ಮಾರ್ಚಿನಲ್ಲೇ ಓರೆಯಾಗುತ್ತಿತ್ತು.

ತಪಾಸಣೆಗೆ ಮೊದಲು ಮೂಲೆಯನ್ನು ಸರಿಮಾಡಿದೆವು. ನಾಲ್ಕು ಎ.ಸಿ.ಗಳ ಪೈಪನ್ನು ಮತ್ತೆ ಚರಂಡಿಗೆ ಕೊಟ್ಟೆವು. ಬೋಲ್ಟು ಸಡಿಲಿಸಿ, ಚೌಕಟ್ಟಿನ ಮುಖ್ಯ ಬೀಮಿನ ಅಡಿಗೆ ಜಾಕು ಇಟ್ಟು, ಒಂದೇ ಸಲಕ್ಕೆ ಎತ್ತದೆ, ಒಂದಿಷ್ಟು ಎತ್ತಿ ನಿಲ್ಲಿಸಿ, ಗೋಡೆಯ ಸಂದುಗಳು ಕಿರುಗುಟ್ಟುವುದು ನಿಂತ ಮೇಲೆ ಇನ್ನಷ್ಟು ಎತ್ತಿದೆವು. ನೆನೆದ ಮಣ್ಣನ್ನು ಪೂರಾ ತೆಗೆದು ಜಲ್ಲಿ ತುಂಬಿ ಗುದ್ದಿದೆವು. ಅದರ ಮೇಲೆ ಅಗಲವಾದ ಕಾಂಕ್ರೀಟ್ ಹಾಸು, ಹಾಸಿನ ಮೇಲೆ ಬ್ಲಾಕು. ತಟ್ಟೆ ಈಗ ಎರಡೇ ಸಾಕಾಯಿತು. ಬಾಗಿಲನ್ನು ಅರ್ಧ ತೆರೆದು ಬಿಟ್ಟೆ. ಬಿಟ್ಟಲ್ಲೇ ನಿಂತಿತು.

ಬಸಳೆ ಕಿತ್ತು ಎಸೆಯಬೇಕೆಂದು ಆದೇಶವಾಗಿತ್ತು. ಕಿತ್ತೆವು, ಎಸೆಯಲಿಲ್ಲ. ಪೈಂಟಿನ ಖಾಲಿ ಡ್ರಮ್ಮಿನಲ್ಲಿ ನೆಟ್ಟು, ಕ್ಯಾಬಿನ್ನಿನಿಂದ ಹತ್ತು ಹೆಜ್ಜೆ ದೂರ ಇಟ್ಟೆವು. ಎ.ಸಿ. ನೀರನ್ನು ಬಕೆಟಿನಲ್ಲಿ ಹಿಡಿದು ಹೊತ್ತು ಹಾಕುವುದೆಂದಾಯಿತು. ತಪಾಸಣೆಗೆ ಬಂದವರಲ್ಲಿ ಒಬ್ಬ ಅದೇನು ಗಿಡ ಎಂದು ಕೇಳಿದ. "ಪಾಲಕ್ ಕಾ ಭಾಯಿ ಹೈ" ಎಂದರು ಮೇಸ್ತ್ರಿ. ಅವನು ಒಂದೆಲೆ ಕಿತ್ತು ಬೆರಳಿನಲ್ಲಿ ಹೊಸಕಿ ನೋಡಿ ಮುಂದೆ ಹೋದ.

ನನಗೆ ವಾರ್ನಿಂಗ್ ಬಂತು. ಎರಡು ತಿಂಗಳ ನಂತರ ದುಬೈಯ ಮುಹೈಸ್ನಾದಲ್ಲಿದ್ದ ಕಂಪನಿಯ ಕಾರ್ಮಿಕರ ವಸತಿಗೆ ವರ್ಗವೂ ಆಯಿತು. ಅಲ್ಲಿ ನಾಲ್ಕು ಮಹಡಿಯ ಕಾಂಕ್ರೀಟ್ ಕಟ್ಟಡ. ಲೆವೆಲ್ ನೋಡುವವರಿಲ್ಲ, ಕುಸಿದರೆ ಎಲ್ಲ ಒಟ್ಟಿಗೆ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಪಶ್ಚಾತ್ತಾಪವಾಯಿತೇ ಎಂದು ಕೇಳಿದವರಿಗೆ ಇಲ್ಲ ಎಂದೇ ಹೇಳುತ್ತ ಬಂದಿದ್ದೇನೆ, ಅದು ಸುಳ್ಳಲ್ಲ. ಮೇಸ್ತ್ರಿಯ ವೀಸಾ ರಿನ್ಯೂ ಆಯಿತು. ಇನ್ನೂ ಮೂರು ವರ್ಷ ಅವರು ಅಲ್ಲೇ ದುಡಿದು ತಾವಾಗಿಯೇ ಬಿಟ್ಟು ಹೋದರು.

ಈ ಬರಹಕ್ಕೆ ಕೂರುವ ಮೊದಲು ಅವರಿಗೆ ಫೋನು ಮಾಡಿದೆ. ಹಲ್ಲು ಹೋದ ಮಾತು, ಕೀಟಲೆ ಹಾಗೇ ಇದೆ.

"ಆ ದಿನ ಆಫೀಸಲ್ಲಿ ನಾನು ಮ್ಯಾನೇಜರಿಗೆ ಎಂತ ಹೇಳಿದೆ, ನೆನಪುಂಟಾ?" ಎಂದು ಕೇಳಿದೆ.

"ನೀವಾ? ನೀವು ಎಂತದೂ ಹೇಳ್ಲಿಲ್ಲ ಮಾಷ್ಟ್ರೆ. ಬಾಯಿಗೆ ಬೀಗ ಹಾಕಿದ ಹಾಗೆ ಕೂತಿದ್ರಿ. ಮಾತಾಡಿದ್ದೆಲ್ಲ ಅವರು. ನೀವು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡ್ತಾ ಇದ್ರಿ, ಅದು ನೆನಪುಂಟು."

"ಮೇಜು ಬಡಿದೆ ಅಲ್ವಾ?"

"ಮೇಜಾ?" ಎಂದು ಕೆಮ್ಮು ಬರುವಷ್ಟು ನಕ್ಕರು.

ಇರಲಿ. ಅವರ ನೆನಪೂ ನೆನಪೇ, ಅದಕ್ಕೂ ವಯಸ್ಸಾಗಿದೆ. ಭಾಷಣವನ್ನು ನಾನು ಹೊಡೆದುಹಾಕುತ್ತೇನೆ, ಮೇಜನ್ನೂ. ಆದರೆ ಫೋನಿಡುವ ಮೊದಲು ಅವರು, "ಕಾಗದ ಉಂಟು ನನ್ನ ಹತ್ರ. ಆ ಫಾರ್ಮಿನದ್ದು. ಆಫೀಸಿನವನ ಹತ್ರ ಜೆರಾಕ್ಸ್ ಮಾಡಿಸಿ ಇಟ್ಟಿದ್ದೆ, ಪಾಸ್‌ಪೋರ್ಟಿನ ಒಟ್ಟಿಗೆ" ಎಂದರು. ಸಂಜೆ ಅವರ ಸೊಸೆ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಮೂಲೆ ಯಾವುದೆಂದು ಬರೆದ ಸಾಲು ಕಾಗದದ ಮಡಿಕೆಯಲ್ಲಿ ಅಳಿಸಿಹೋಗಿದೆ. ಈಶಾನ್ಯವೋ ನೈಋತ್ಯವೋ ಇನ್ನು ತಿಳಿಯುವ ದಾರಿಯಿಲ್ಲ. ಅದರ ಕೆಳಗಿನ ಸಾಲನ್ನು ದೊಡ್ಡದು ಮಾಡಿ ಎರಡು ಸಲ ನೋಡಿದೆ. ಹೊಣೆಗಾರ ಎಂಬ ಕಡೆ ಟೈಪಾಗಿದ್ದ ಮೇಸ್ತ್ರಿಯ ಹೆಸರಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಿದೆ, ಸ್ವಲ್ಪ ಓರೆಯಾಗಿ. ಅದರ ಪಕ್ಕದಲ್ಲಿ ನನ್ನ ಹೆಸರಿದೆ, ನನ್ನದೇ ಕೈಬರಹದಲ್ಲಿ.